ಎರಡು ರಾತ್ರಿ, ಮೂರು ಹಗಲಿನ ಸ್ಟೇ

ಆ ದ್ವೀಪದ ಹೋಟೆಲಿನಲ್ಲಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕೋ, ಮೆಟ್ಟಿಕೊಂಡೇ ಒಳಗೆ ಹೋಗಬೇಕೋ? ಹೊರಗೆ ಬಿಡುವುದೇ ಮರ್ಯಾದೆ. ಆದರೆ ದ್ವೀಪ ಎಂದರೆ ಸುತ್ತಲೂ ನೀರು. ಭರತಿ ಬಂದಾಗ ಹೊರಗೆ ಬಿಟ್ಟ ಚಪ್ಪಲಿ ಯಾವ ದೇಶಕ್ಕೆ ಹೋಗಿ ಮುಟ್ಟೀತು? ಮೆಟ್ಟಿಕೊಂಡೇ ಹೋದರೆ, ಅದಿರಿನ ಕೆಂಪು ಧೂಳು ಅಂಟಿದ ಈ ಅಂಗಾಲು ಆ ಬಿಳಿ ಫರಸಿಯ ಮೇಲೆ ಏನು ಮಾಡೀತು? ಇನ್ನು ರೊಟ್ಟಿ. ಊಟ ಅವರದೇ ಎಂದು ಮಿಕ್ಸರ್ ಮಾರಿದ ಅಂಗಡಿಯವ ಹೇಳಿದ್ದ. ಆದರೆ ಅವರ ಊಟದಲ್ಲಿ ರೊಟ್ಟಿ ಇರುತ್ತದೆಯೋ ಇಲ್ಲವೋ ಎಂದು ಕೇಳಲು ನಾಚಿಕೆಯಾಗಿತ್ತು. ಇಪ್ಪತ್ತು ರೊಟ್ಟಿ ಸಾಕೇ? ಮೂವತ್ತು?

ಲಕ್ಷ್ಮಪ್ಪ ಮೈಬೂಬಸಾಬನ ಚಹದಂಗಡಿಯ ಬೆಂಚಿನ ಮೇಲೆ ಕೂತು ಇಪ್ಪತ್ತೈದಕ್ಕೆ ಇಳಿದ. ಅವನ ಕಣ್ಣು ಅಂಗಡಿಯ ಫೋನಿನ ಮೇಲಿತ್ತು. ಹತ್ತು ಗಂಟೆಗೆ ಪಣಜಿಯಿಂದ ಕರೆ ಬರಬೇಕಿತ್ತು.

ಇಪ್ಪತ್ತು ವರ್ಷದಿಂದ ಅವನು ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೂಲಿ. ಇಪ್ಪತ್ತು ವರ್ಷದಿಂದ ಕಣ್ಣೆದುರಿಗೇ ಸಮುದ್ರದಲ್ಲಿ ಒಂದು ದ್ವೀಪ. ಈಚೆಗೆ ಅದರ ಮೇಲೆ ದೊಡ್ಡ ಹೋಟೆಲು ಎದ್ದು, ದಂಡೆಗುಂಟ ಬಿಳಿ ಛತ್ರಿಗಳು ಸಾಲಾಗಿ ಬಿಚ್ಚಿದ್ದವು. ಅವನ ಹೆಂಡತಿ ಭಾಗವ್ವ ಒಮ್ಮೆ ಬಟ್ಟೆ ಒಣಹಾಕುತ್ತ, "ಅಲ್ಲಿ ಯಾರಿರ್ತಾರ್ರಿ?" ಎಂದು ಕೇಳಿದ್ದಳು. "ಯಾರೋ ಇರ್ತಾರ" ಎಂದಿದ್ದ. ಆ "ಯಾರೋ" ತಾವೇ ಆಗುವ ಕಾಲ ಬಂದೀತೆಂದು ಯಾರಿಗೆ ಗೊತ್ತಿತ್ತು? ದೀಪಾವಳಿಯಲ್ಲಿ ವಾಸ್ಕೋದ ಅಂಗಡಿಯೊಂದರಲ್ಲಿ ಮಿಕ್ಸರ್ ಕೊಂಡಾಗ ಅಂಗಡಿಯವ ಬಹುಮಾನದ ಚೀಟಿಯೊಂದನ್ನು ತುಂಬಿಸಿಕೊಂಡಿದ್ದ. ಮಾರ್ಚಿನಲ್ಲಿ ಆ ಚೀಟಿ ಎದ್ದಿತು. ಗಂಡ ಹೆಂಡತಿಗೆ ದ್ವೀಪದ ಹೋಟೆಲಿನಲ್ಲಿ ಎರಡು ರಾತ್ರಿ, ಮೂರು ಹಗಲು, ಪುಕ್ಕಟೆ.

ಲಕ್ಷ್ಮಪ್ಪ ಭಾಗವ್ವನಿಗೆ ಹೇಳಲಿಲ್ಲ. ದೊಡ್ಡವರ ಮನೆಗಳಲ್ಲಿ ಇಂಥದನ್ನು ಮುಚ್ಚಿಟ್ಟು, ಕಡೆಗೆ ಒಮ್ಮೆಲೇ ತೋರಿಸುತ್ತಾರೆಂದು ಅವನು ಕೇಳಿದ್ದ. ತನಗೂ ಅಷ್ಟು ದೊಡ್ಡಸ್ತಿಕೆ ಇರಲಿ ಎಂದುಕೊಂಡ. "ಶನಿವಾರ ಒಂದ ಕಡೆ ಹೋಗೂದೈತಿ. ಹೊಸಾ ಸೀರಿ ಉಟ್ಕೊಂಡ ತಯಾರಾಗು" ಎಂದಷ್ಟೇ ಹೇಳಿದ್ದ.

ಫೋನು ರಿಂಗಾಯಿತು. ಹಾಡಿನಂಥ ದನಿಯ ಹೆಣ್ಣುಮಗಳೊಬ್ಬಳು ಹಿಂದಿಯಲ್ಲಿ ಹೇಳಿದಳು: ಸರ್, ನಿಮ್ಮ ಸ್ಟೇ ಕನ್ಫರ್ಮ್ ಆಗಿದೆ, ಪತ್ರ ಕೊರಿಯರಿನಲ್ಲಿ ಬರುತ್ತದೆ, ಶನಿವಾರ ಹನ್ನೆರಡರೊಳಗೆ ಅಸಲು ಪತ್ರ ಹಿಡಿದುಕೊಂಡು ಜೆಟ್ಟಿಗೆ ಬನ್ನಿ, ಝೆರಾಕ್ಸ್ ನಡೆಯುವುದಿಲ್ಲ.

ತನ್ನನ್ನೇ ಕುರಿತ 'ಸರ್' ಎಂಬುದು ಅವನ ಕಿವಿಗೆ ಅದೇ ಮೊದಲು ಬಿದ್ದದ್ದು. 'ಸ್ಟೇ' ಎಂಬುದಂತೂ ಬಾಯಲ್ಲಿ ಪೆಪ್ಪರಮಿಂಟಿನಂತೆ ತಣ್ಣಗೆ ಕೂತಿತು.

"ಏನಂತ ಲಕ್ಷ್ಮಪ್ಪಣ್ಣ?" ಎಂದ ಮೈಬೂಬಸಾಬ.

ಲಕ್ಷ್ಮಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು, ಇಡೀ ಅಂಗಡಿಗೆ ಕೇಳುವಂತೆ ಹೇಳಿದ: "ನಮಗ ಸ್ಟೇ ಕನ್ಫರ್ಮ್ ಆತು."

ಇಲ್ಲಿಯೇ ಎಡವಟ್ಟಾದದ್ದು. ಯಾಕೆಂದರೆ ಪಕ್ಕದ ಬೆಂಚಿನಲ್ಲಿ ಸಂಗಣ್ಣ ಕೂತಿದ್ದ. ಸಂಗಣ್ಣ ಲಕ್ಷ್ಮಪ್ಪನ ಮನೆಯಿದ್ದ ಗುಡ್ಡದ ಹಿರಿಯ. ಊರಲ್ಲಿ ಹೊಲದ ಬದುವಿಗಾಗಿ ಹದಿನಾಲ್ಕು ವರ್ಷದಿಂದ ಮುದ್ದೇಬಿಹಾಳದ ಕೋರ್ಟಿಗೆ ಅಲೆಯುತ್ತಿದ್ದವನು. ಅವನ ಲೆಕ್ಕದಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದೇ ಹನ್ನೆರಡು ಶಬ್ದ, ಹನ್ನೆರಡೂ ಕೋರ್ಟಿನವು, ಅವುಗಳಲ್ಲಿ ಎಲ್ಲಕ್ಕಿಂತ ಪವಿತ್ರವಾದದ್ದು 'ಸ್ಟೇ', ಅಂದರೆ ತಡೆಯಾಜ್ಞೆ.

ಅದೂ ಅಲ್ಲದೆ, ಬಂದರಿನ ಹಿಂದಿನ ಆ ಗುಡ್ಡದಲ್ಲಿ ಗೋಡೆಗೆ ಗೋಡೆ ಹಚ್ಚಿ ನಿಂತ ಇಪ್ಪತ್ತೆರಡು ಮನೆಗಳಿಗೂ ಹದಿನೈದು ದಿನದ ಹಿಂದೆ ಮುನಿಸಿಪಾಲ್ಟಿಯವರು ಬಂದು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ನಂಬರು ಬಿದ್ದ ಮೇಲೆ ಬುಲ್ಡೋಜರು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆವತ್ತಿನಿಂದ ಗುಡ್ಡದ ಹೆಂಗಸರು ಪಾತ್ರೆ ಪಡಗ ಗಂಟು ಕಟ್ಟಿಟ್ಟು, ಒಂದೇ ಬೋಗುಣಿಯಲ್ಲಿ ಅಡಿಗೆ ಮಾಡುತ್ತಿದ್ದರು.

ಸಂಗಣ್ಣನ ಕೈಯೊಳಗಿನ ಚಹ ಧೋತರದ ಮೇಲೆ ಚೆಲ್ಲಿತು. "ಸ್ಟೇ? ಎಲ್ಲಿಂದ ಬಂತೋ?"

"ಪಣಜಿಯಿಂದ."

"ಪಣಜಿ! ಬೆಂಚಿನವರು ಕೊಟ್ಟರೇನು?" ಸಂಗಣ್ಣನಿಗೆ ಪಣಜಿ ಎಂದರೆ ಹೈಕೋರ್ಟಿನ ಬೆಂಚು.

"ಬೆಂಚಲ್ಲರಿ, ಆಫೀಸಿನಾಗ ಖುರ್ಚಿ ಮ್ಯಾಲೆ ಕುಂತಿರಬೇಕು. ಮೇಡಂ ಒಬ್ರು ಮಾತಾಡಿದ್ರು."

"ಹೆಣ್ಣ ಜಡ್ಜು!" ಎಂದ ಸಂಗಣ್ಣ, ಮೈಬೂಬಸಾಬನ ಕಡೆ ತಿರುಗಿ. "ಹೆಣ್ಣಿನ ಕರುಳ ಅಂದ್ರ ಇದು. ಎಷ್ಟ ದಿನದ್ದು ತಮ್ಮಾ?"

"ಎರಡ ರಾತ್ರಿ, ಮೂರ ದಿನ."

ಮೈಬೂಬಸಾಬನ ಮುಖ ಬಾಡಿತು. "ಮೂರ ದಿನ ಏನ ಸಾಕಾಗತೈತ್ರಿ?"

"ಏ, ನಿನಗ ಕಾಯ್ದೆ ತಿಳಿಯಂಗಿಲ್ಲ, ಸುಮ್ನಿರು" ಎಂದ ಸಂಗಣ್ಣ. "ಮೊದಲಿಗೆ ಸಣ್ಣದ ಕೊಡ್ತಾರ. ಆಮ್ಯಾಲೆ ಎಳಕೋಂತ ಹೋಗೂದು. ನನಗ ಹದಿನೈದ ದಿನದ್ದ ಕೊಟ್ಟಿದ್ರು, ಒಂಬತ್ತ ವರ್ಷ ಆತು ಇನ್ನೂ ನಡದೈತಿ. ಲಕ್ಷ್ಮಪ್ಪಾ, ವಕೀಲರು ಯಾರು?"

"ವಕೀಲರು ಯಾಕ್ರಿ? ಒಂದ ಮಿಕ್ಸರ್ ತಗೊಂಡಿದ್ವಿ, ಅದರಾಗ ಕೆಲಸ ಆತು."

ಸಂಗಣ್ಣ ಆಚೀಚೆ ನೋಡಿ, ಮೈಬೂಬಸಾಬನ ಕಿವಿಯಲ್ಲಿ, "ಮಿಕ್ಸರ್ ಮುಟ್ಟಿಸ್ಯಾನ! ನೋಡಾಕ ಬಡವ, ಒಳಗ ಭಾಳ ಶಾಣ್ಯಾ" ಎಂದ.

ತನ್ನ ಪ್ರವಾಸಕ್ಕೆ ಹಿರಿಯರು ಇಷ್ಟು ಸಂತೋಷಪಟ್ಟದ್ದು ಕಂಡು ಲಕ್ಷ್ಮಪ್ಪನ ಎದೆ ತುಂಬಿತು. ಕೆಲಸಕ್ಕೆ ಹೋದ.

ಸಂಜೆ ಗುಡ್ಡ ಹತ್ತುವಾಗ ಹಲಗೆಯ ಸದ್ದು ಕೇಳಿಸಿತು. ಯಾರದೋ ಮದುವೆ ಇರಬೇಕೆಂದುಕೊಂಡ. ಬೀಚಿನಲ್ಲಿ ಮಣಿಸರ ಮಾರುವ ರೂಪಿಬಾಯಿ ಓಡಿಬಂದು, ಫಾರಿನ್ನವರಿಗೆ ಮಾರುವ ಐದು ಎಳೆಯ ಕವಡೆ ಸರವನ್ನು ಅವನ ಕೊರಳಿಗೆ ಹಾಕಿಬಿಟ್ಟಳು. ಕುಂಡಯಿಯ ಕಾರ್ಖಾನೆಯ ಪಾಳಿ ಮುಗಿಸಿ ಬಂದಿದ್ದ ಗುಡ್ಡದ ಹುಡುಗ ಮಂಜು ಹಲಗೆ ಬಾರಿಸುತ್ತಿದ್ದ.

"ನಮ್ಮೆಲ್ಲಾರಿಗೂ ಸ್ಟೇ ತಂದೆಪಾ ಅಣ್ಣಾ!" ಎಂದಳು ರೂಪಿಬಾಯಿ.

ಲಕ್ಷ್ಮಪ್ಪ ಗಾಬರಿಯಾದ. ಇಪ್ಪತ್ತೆರಡು ಮನೆಯ ಜನ ತಮ್ಮ ಜೊತೆ ದ್ವೀಪಕ್ಕೆ ಹೊರಟರೆ ಆ ಮೇಡಂ ಏನೆಂದಾಳು? "ಎಲ್ಲಾರಿಗೂ ಎಲ್ಲೈತಿ? ನಾನು ನಮ್ಮಾಕಿ, ಇಬ್ಬರಿಗೇ ಐತಿ" ಎಂದುಬಿಟ್ಟ.

ಹಲಗೆ ನಿಂತಿತು.

"ಏನು? ಬರೇ ನಿನ್ನ ಮನಿಗೆ ಅಷ್ಟ ತಂದಿಯೇನು?" ಮಂಜುವಿನ ಕೈಯಲ್ಲಿ ಬಡಿಗೆ ಇನ್ನೂ ಇತ್ತು. "ನಮ್ಮ ಮನಿ ಮ್ಯಾಲೆ ಬುಲ್ಡೋಜರ್ ಹಾಯ್ಲಿ, ನೀ ಒಳಗ ಕುಂತು ಮಿಕ್ಸರಿನಾಗ ಚಟ್ನಿ ರುಬ್ಬು!"

ಆಗ, ಆ ಕ್ಷಣದಲ್ಲಿ, ಲಕ್ಷ್ಮಪ್ಪನಿಗೆ ಎಲ್ಲ ತಿಳಿಯಿತು. ಬಾಯಿ ತೆರೆದ. ಅಷ್ಟರಲ್ಲಿ ಸಂಗಣ್ಣ ಕೈಯೆತ್ತಿ ಎಲ್ಲರನ್ನೂ ತಡೆದ.

"ಹುಚ್ಚರದೀರಿ! ಕಾಗದದಾಗ ಒಬ್ಬರ ಹೆಸರ ಇರತೈತಿ. ನಡುವಿನ ಮನಿ ಲಕ್ಷ್ಮಪ್ಪಂದು. ಎಲ್ಲಾ ಗೋಡಿ ಕೂಡಿ ಅದಾವು. ಈ ಕಡೆ ಹೊಡದ್ರೂ ಅವನ ಗೋಡಿ ಅಳ್ಳಾಡತೈತಿ, ಆ ಕಡೆ ಹೊಡದ್ರೂ ಅಳ್ಳಾಡತೈತಿ. ಅಂದಮ್ಯಾಲೆ ಎಲ್ಲಾರಿಗೂ ಸ್ಟೇ!"

ಹಲಗೆ ಮೊದಲಿಗಿಂತ ಜೋರಾಯಿತು. ಲಕ್ಷ್ಮಪ್ಪ ಮತ್ತೆ ಬಾಯಿ ತೆರೆದ. ರೂಪಿಬಾಯಿ ಅದರೊಳಗೆ ಶೇಂಗಾ ಹೋಳಿಗೆ ಇಟ್ಟಳು. "ಹದಿನೈದ ದಿನ ಆಗಿತ್ತಣ್ಣಾ, ಗಂಟು ಇವತ್ತ ಬಿಚ್ಚೇನಿ. ನಿನ್ನ ಹೆಸರಿಲೇ ಮಾಡಿದ್ದು. ತಿನ್ನು."

ಬಾಗಿಲಲ್ಲಿ ಭಾಗವ್ವ ನಿಂತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಹಾಗೆ ನೋಡಿದ್ದು ಅದೇ ಮೊದಲು. "ನನಗೂ ಒಂದ ಮಾತ ಹೇಳಲಿಲ್ಲಲ್ರಿ" ಎಂದಳು, ಬೈಯುವವಳಂತೆ. ಆದರೆ ಬೈದಂತೆ ಕೇಳಿಸಲಿಲ್ಲ.

ಲಕ್ಷ್ಮಪ್ಪ ಉಳಿದರ್ಧ ಹೋಳಿಗೆಯನ್ನು ಅವಳ ಕೈಗಿತ್ತು ಒಳಗೆ ಹೋದ.

ಗುರುವಾರ ಕೊರಿಯರು ಬಂತು. ಲಕ್ಷ್ಮಪ್ಪ ಕೆಲಸದಿಂದ ಬರುವಷ್ಟರಲ್ಲಿ ಸಂಗಣ್ಣ ಅದನ್ನು ಸಹಿ ಮಾಡಿ ಇಸಿದುಕೊಂಡು, ಒಡೆದು, ಗುಡ್ಡದ ಜನರನ್ನೆಲ್ಲ ಕಟ್ಟೆಗೆ ಕರೆದಿದ್ದ. ಓದುವ ಹೊಣೆ ಮಂಜುವಿನ ಮೇಲೆ ಬಿತ್ತು. ಮಂಜು ಏಳನೆಯ ಇಯತ್ತೆ ಪಾಸಾದವನು. ಇಂಗ್ಲಿಷು ಓದಲು ಬರುತ್ತಿತ್ತು. ಅರ್ಥ ಮಾಡಿಕೊಳ್ಳುವ ಕೆಟ್ಟ ಚಾಳಿ ಇರಲಿಲ್ಲ. ಅರ್ಥದ ವಿಭಾಗ ಸಂಗಣ್ಣನದು.

"ಕಾಂ... ಕಾಂಪ್ಲಿಮೆಂಟರಿ ಸ್ಟೇ" ಎಂದು ಓದಿದ ಮಂಜು.

"ಕಂಪ್ಲೇಂಟು ಕೊಟ್ಟಿದ್ದಕ್ಕ ಸ್ಟೇ ಕೊಟ್ಟೇವಿ ಅಂತ. ಮುಂದ?"

"ಡಿಲಕ್ಸ್ ಸೂಟ್."

ಸಂಗಣ್ಣ ತೊಡೆ ತಟ್ಟಿದ. "ಸೂಟು! ಸೂಟ್ ಅಂದ್ರ ದಾವಾ. ನನ್ನ ಕಾಗದದಾಗೂ ಐತಿ. ಡಿಲಕ್ಸ್ ಅಂದ್ರ ದೊಡ್ಡ ನಮೂನಿದು."

"ಐ ಲ್ಯಾಂಡ್..."

"ಐ ಅಂದ್ರ ನಾನು. ಲ್ಯಾಂಡ್ ಅಂದ್ರ ಜಾಗಾ. ಈ ಜಾಗಾ ನಂದು ಅಂತ ಕೋರ್ಟೇ ಬರದು ಕೊಟ್ಟೈತಿ, ಇನ್ನೇನ ಬೇಕ್ರೋ!"

ರೂಪಿಬಾಯಿ ಹಣೆ ಗಂಟಿಕ್ಕಿದಳು. "ಐಲ್ಯಾಂಡ್ ಅಂದ್ರ ಬೀಚಿನ್ಯಾಗ ಗೋರಾ ಮಂದಿ ಬ್ಯಾರೆ ಏನೋ ಅಂತಾರಪಾ. ಕೈ ಮಾಡಿ ನೀರಾಗ ತೋರಸ್ತಾರ..."

"ಗೋರಾ ಮಂದಿ ಇಂಗ್ಲಿಷ್ ಬ್ಯಾರೆ, ಕೋರ್ಟಿನ ಇಂಗ್ಲಿಷ್ ಬ್ಯಾರೆ. ಓದಪಾ."

"ನಾನ್ ಟ್ರಾನ್ಸ್‌ಫರೇಬಲ್."

"ಈ ಜಾಗಾ ಇನ್ನೊಬ್ಬರ ಹೆಸರಿಗೆ ಆಗಂಗಿಲ್ಲ."

"ಚೆಕ್ ಔಟ್, ಸೋಮವಾರ ಹತ್ತು ಗಂಟೆ."

"ಆಫೀಸರ್ ಬಂದಾನು, ಚೆಕ್ ಮಾಡ್ಯಾನು, ಔಟ್ ಹೋದಾನು."

ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತು ಕೇಳುತ್ತಿದ್ದ ಲಕ್ಷ್ಮಪ್ಪನಿಗೆ ಒಂದು ಗಳಿಗೆ ತನಗೇ ಸಂಶಯ ಬಂತು: ನಿಜವಾಗಿಯೂ ಅದು ಕೋರ್ಟಿನ ಕಾಗದವೇ ಇದ್ದೀತೇ?

ಶುಕ್ರವಾರ ಮುಂಜಾನೆ ಆ ಪತ್ರ ಗಾಜು ಹಾಕಿಸಿಕೊಂಡು, ಕಟ್ಟು ಹಾಕಿಸಿಕೊಂಡು, ಕಟ್ಟೆಯ ಮೇಲಿನ ಯಲ್ಲಮ್ಮನ ಪಟದ ಬಗಲಿಗೇ ನೇತುಬಿದ್ದಿತು. ಎದುರಿಗೆ ಊದುಬತ್ತಿ. ಲಕ್ಷ್ಮಪ್ಪ ಹತ್ತಿರ ಹೋಗಿ, ಸಹಜವಾಗಿ ಎಂಬಂತೆ, "ಸಂಗಣ್ಣಾರ, ಇದನ್ನೊಂದೀಟು ಬಿಚ್ಚಿ ಕೊಡ್ರಿ, ಝೆರಾಕ್ಸ್ ಮಾಡಿಸ್ಕೊಂಡ ಬರ್ತೀನಿ" ಎಂದ. ಅಸಲು ಕೈಗೆ ಬಂದರೆ ಝೆರಾಕ್ಸನ್ನು ಕಟ್ಟಿನೊಳಗಿಟ್ಟು, ಶನಿವಾರ ಸದ್ದಿಲ್ಲದೆ ಜೆಟ್ಟಿಗೆ ಹೋಗಿಬಿಡುವುದು ಅವನ ಲೆಕ್ಕ. ಗುಡ್ಡಕ್ಕೂ ಸ್ಟೇ, ತನಗೂ ಸ್ಟೇ.

"ಎಂಥಾ ಹುರುಪು ನೋಡ್ರೋ ಇವಂದು!" ಎಂದು ಸಂಗಣ್ಣ ಹೊಗಳಿದ. "ಆದ್ರ ಅಸಲ ಕಾಗದ ಒಬ್ಬರ ಕೈಯಾಗ ಕೊಡಬಾರದು. ಮಂಜು ಹೋಗಿ ಬರ್ತಾನ."

ಮಂಜು ಹೋಗಿ ನಲವತ್ತನಾಲ್ಕು ಝೆರಾಕ್ಸು ತಂದ. ಮನೆಗೆ ಎರಡರಂತೆ ಬಾಗಿಲಿಗೆ ಅಂಟಿಸಿದರು, ಕೆಂಪು ನಂಬರಿನ ಮೇಲೆಯೇ. ಇಪ್ಪತ್ತೆರಡು ಬಾಗಿಲುಗಳು ಬಂದುಹೋಗುವವರನ್ನೆಲ್ಲ ದ್ವೀಪದ ಹೋಟೆಲಿಗೆ ಇಂಗ್ಲಿಷಿನಲ್ಲಿ ಆಮಂತ್ರಿಸುತ್ತ ನಿಂತವು. ಅಸಲು ಮಾತ್ರ ಮತ್ತೆ ಗಾಜಿನೊಳಗೆ ಹೋಯಿತು.

ಶನಿವಾರ ಬಂತು. ಭಾಗವ್ವ ಹೊಸ ಇಳಕಲ್ ಸೀರೆ ಉಟ್ಟು, ತಲೆತುಂಬ ಅಬ್ಬಲಿಗೆ ಮುಡಿದು, ಒಂಬತ್ತಕ್ಕೇ ತಯಾರಾಗಿ ಹೊಸ್ತಿಲಲ್ಲಿ ನಿಂತಳು. ಅರಿವೆಯಲ್ಲಿ ಇಪ್ಪತ್ತೈದು ರೊಟ್ಟಿಯ ಗಂಟು. ಯಾಕೆಂದು ಕೇಳದೆ ಬಡಿದಿದ್ದಳು. "ನಡೀರಿ, ಎಲ್ಲಿಗಿ ಹೋಗೂದು?" ಎಂದಳು.

ಲಕ್ಷ್ಮಪ್ಪ ಕಟ್ಟೆಯ ಕಡೆ ನೋಡಿದ. ಜನ ಚಹ ಕುಡಿಯಲು ಸರಿದ ಹೊತ್ತಿನಲ್ಲಿ ಕಟ್ಟನ್ನೇ ಬಗಲಲ್ಲಿ ಹಿಡಿದು ಇಳಿಜಾರು ಇಳಿದುಬಿಡಬೇಕೆಂದಿದ್ದ. ಗಾಜಿನ ಸಮೇತ ದ್ವೀಪಕ್ಕೆ ಹೋಗಬಾರದೆಂದು ಪತ್ರದಲ್ಲಿ ಎಲ್ಲೂ ಬರೆದಿರಲಿಲ್ಲ. ಹೆಜ್ಜೆ ಮುಂದಿಡುವಷ್ಟರಲ್ಲಿ ಕೆಳಗೆ ಜೀಪು ನಿಂತಿತು.

ಮುನಿಸಿಪಾಲ್ಟಿಯ ಇನ್‌ಸ್ಪೆಕ್ಟರು ಗಾಂವ್ಕರ ಸಾಹೇಬರು ಇಳಿದರು. ಹಿಂದೆ ಅಳತೆಯ ಟೇಪು ಹಿಡಿದ ಒಬ್ಬ, ಫೈಲಿನ ಚೀಲ ಹಿಡಿದ ಒಬ್ಬ. ಸಾಹೇಬರು ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಕನ್ನಡದ ಕೂಲಿಗಳ ನಡುವೆ ಓಡಾಡಿ ಅವರಿಗೆ ಕನ್ನಡ ಬರುತ್ತಿತ್ತು. ಕನ್ನಡಕ್ಕೆ ಅವರು ಬರುತ್ತಿರಲಿಲ್ಲ.

"ಕಿತೆಂ ರೇ ಹೆಂ? ಏನಿದು? ಎಲ್ಲಾ ಲೋಗ್ ಯಾಕೆ ನಿಂತಿದೆ? ಬಾಜೂ ಹೋಗ್ರಿ, ಅಳತೆ ಮಾಡ್ಬೇಕು. ಸೋಮವಾರ ಮಶೀನ್ ಬರ್ತದೆ."

"ಮಶೀನ್ ಬರಂಗಿಲ್ಲ ಸಾಹೇಬ್ರ" ಎಂದ ಸಂಗಣ್ಣ. ಹದಿನಾಲ್ಕು ವರ್ಷ ಕೋರ್ಟಿನ ಹೊರಗೆ ಕೂತು ಕಾದದ್ದು ಇದೊಂದು ಮಾತಿಗಾಗಿಯೇ ಎಂಬಂತೆ ಧೋತರದ ಚುಂಗು ಹೆಗಲ ಮೇಲೆ ಎಸೆದುಕೊಂಡ. "ನಮಗ ಸ್ಟೇ ಐತಿ!"

ಸಾಹೇಬರ ಮುಖ ಸಣ್ಣಗಾಯಿತು. ಸ್ಟೇ ಎಂದರೆ ಯಾವ ಅಧಿಕಾರಿಯೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. "ತೋರ್ಸು."

ಕಟ್ಟನ್ನು ಯಲ್ಲಮ್ಮನ ಬಗಲಿನಿಂದ ಇಳಿಸಿ ಅವರ ಕೈಗೆ ಕೊಟ್ಟರು. ಸಾಹೇಬರು ಊದುಬತ್ತಿಯ ಬೂದಿ ಊದಿ, ಚಾಳೀಸು ಹಾಕಿಕೊಂಡು ಓದಿದರು. ಒಮ್ಮೆ ಓದಿದರು. ಚಾಳೀಸು ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ತುಟಿ ಅಲುಗುತ್ತಿತ್ತು. ಎಡಮೀಸೆಯ ತುದಿ ಕುಣಿಯತೊಡಗಿತು. ನಗೆ ಹೊಟ್ಟೆಯಿಂದ ಹೊರಟು ಕೊರಳ ತನಕ ಬಂದು ನಿಂತದ್ದು ಲಕ್ಷ್ಮಪ್ಪನಿಗೆ ಕಾಣಿಸಿತು.

"ಯಾರ್ದು ಇದು? ಮಿಸ್ಟರ್ ಲಕ್ಷ್ಮಪ್ಪ ಯಾರು?"

ಜನ ಲಕ್ಷ್ಮಪ್ಪನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ, ಮುಂದೆ ದೂಡಿದರು. ಸಾಹೇಬರು ಅವನನ್ನು ನೋಡಿದರು. ಹೊಸ ಸೀರೆಯ ಭಾಗವ್ವನನ್ನು ನೋಡಿದರು. ಕೈಮುಗಿದು ನಿಂತ ರೂಪಿಬಾಯಿಯನ್ನು, ಬಾಗಿಲ ಮೇಲಿನ ನಲವತ್ತನಾಲ್ಕು ಝೆರಾಕ್ಸುಗಳನ್ನು ನೋಡಿದರು. ನಗೆ ಎಲ್ಲಿಗೋ ಇಳಿದುಹೋಯಿತು. ಲಕ್ಷ್ಮಪ್ಪನ ತೋಳು ಹಿಡಿದು ನೀರಿನ ಟಾಕಿಯ ಹಿಂದೆ ಕರೆದೊಯ್ದರು.

"ಇವ್ರಿಗೆ ಗೊತ್ತಿಲ್ಲ?" ಎಂದರು, ಪಿಸುದನಿಯಲ್ಲಿ.

"ಇಲ್ರಿ."

"ನಿನ್ದು ಹೆಂಡ್ತಿಗೆ?"

"ಇಲ್ರಿ."

"ಇವತ್ತು ಬಾರಾ ಬಜೆ ಟೈಮ್ ಬರೆದಿದೆ. ನೀ ಹೋಗ್ತೀಯಾ?"

ಟಾಕಿಯ ಆಚೆಯಿಂದ ಹಲಗೆಯ ಸದ್ದು ಬರುತ್ತಿತ್ತು. ಸಾಹೇಬರು ತನ್ನೊಬ್ಬನ ಜೊತೆ ಇಷ್ಟು ಹೊತ್ತು ಮಾತಾಡಿದ್ದನ್ನು ಕಂಡೇ ಗುಡ್ಡದ ಜನಕ್ಕೆ ಗೆದ್ದಷ್ಟಾಗಿತ್ತು. ಲಕ್ಷ್ಮಪ್ಪ ಸಮುದ್ರದ ಕಡೆ ನೋಡಲಿಲ್ಲ. "ಇಲ್ರಿ ಸಾಹೇಬ್ರ. ಸ್ಟೇ ಇಲ್ಲೇ ಇರಲಿ."

ಸಾಹೇಬರು ಗಡ್ಡ ತುರಿಸಿಕೊಂಡರು. "ಬಿಟ್ಟರೆ ವೇಸ್ಟ್ ಆಗ್ತದೆ."

"ಹೌದ್ರಿ."

"ಸೀ ವ್ಯೂ ಇದೆ. ಬ್ರೇಕ್‌ಫಾಸ್ಟ್ ಇದೆ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಮ್ದು ಹೆಂಡ್ತಿ ಆಠ್ ವರ್ಷದಿಂದ ಹೇಳ್ತಾಳೆ. ಸಂಬಳದಲ್ಲಿ ಆಗೋದಿಲ್ಲ ಬಾಬಾ. ಎರಡು ರಾತ್ರಿ ನಾ ಮಿಸ್ಟರ್ ಲಕ್ಷ್ಮಪ್ಪ ಆದ್ರೆ?"

ಇಬ್ಬರು ಗಂಡಂದಿರು ನೀರಿನ ಟಾಕಿಯ ಹಿಂದೆ ಒಬ್ಬರ ಮುಖ ಒಬ್ಬರು ನೋಡಿದರು.

ಹೊರಗೆ ಬಂದ ಸಾಹೇಬರು ಗಂಟಲು ಸರಿಮಾಡಿಕೊಂಡು, ಪಣಜಿಯ ತನಕ ಕೇಳುವಂತೆ ಘೋಷಿಸಿದರು: "ಸ್ಟೇ ಇದೆ! ಅಳತೆ ಬಂದ್! ಒರಿಜಿನಲ್ ಕಾಗದ ಆಫೀಸ್ ಫೈಲಿಗೆ ಬೇಕು, ನಾ ತಗೊಂಡು ಹೋಗ್ತೇನೆ."

ಗುಡ್ಡ ಕಿತ್ತುಹೋಗುವಂತೆ ಕೂಗೆದ್ದಿತು. ಸಂಗಣ್ಣ ಮಾತ್ರ ಕೂಗಲಿಲ್ಲ. ದಾರಿಗೆ ಅಡ್ಡ ನಿಂತ. "ಅಸಲ ಒಯ್ಯೂದಾದ್ರ ಸ್ವೀಕೃತಿ ಕೊಟ್ಟ ಒಯ್ರಿ. ಸಿಕ್ಕಾ ಹೊಡದು."

ಸಾಹೇಬರು ಗಡಿಯಾರ ನೋಡಿದರು. ಹತ್ತೂವರೆ ದಾಟಿತ್ತು. ಮನೆಗೆ ಹೋಗಿ ಹೆಂಡತಿಯನ್ನು ಹೊರಡಿಸಿಕೊಂಡು ಹನ್ನೆರಡರೊಳಗೆ ಜೆಟ್ಟಿ ಮುಟ್ಟಬೇಕು. ಚೀಲದವನ ಹತ್ತಿರ ಕಾಗದ ಇಸಿದುಕೊಂಡು ಗಡಿಬಿಡಿಯಲ್ಲಿ ಬರೆದರು: ಲಕ್ಷ್ಮಪ್ಪ ಅವರಿಂದ ಸ್ಟೇ ಪತ್ರ, ಅಸಲು, ಒಂದು, ಮುಟ್ಟಿದೆ. ಸಹಿ, ತಾರೀಖು, ದುಂಡನೆಯ ನೀಲಿ ಸಿಕ್ಕಾ. ಸಾಹೇಬರು ಎಂದೂ ಇಳಿಯದಷ್ಟು ವೇಗದಲ್ಲಿ ಗುಡ್ಡ ಇಳಿದು ಜೀಪು ಹತ್ತಿದರು.

ಮುಂದಿನದು ಸರಕಾರಿ ಮಾತು. ಅಲ್ಲಿಯ ತನಕ ಆ ಗುಡ್ಡದ ಹತ್ತಿರ ಇದ್ದದ್ದು ಹೋಟೆಲಿನ ಕಾಗದ. ಈಗ ಬಂದದ್ದು ಮುನಿಸಿಪಾಲ್ಟಿಯೇ ಸಿಕ್ಕಾ ಹೊಡೆದು ಕೊಟ್ಟ ಕಾಗದ. ಸಂಗಣ್ಣ ಅದೇ ಗಾಜಿನೊಳಗೆ ಅದನ್ನು ಕೂರಿಸಿದ. ಮಂಗಳವಾರ ಗಾಂವ್ಕರ ಸಾಹೇಬರು ಇನ್ನೊಮ್ಮೆ ಬಂದರು. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಅಂಗಿಯ ಮೇಲೆ ತೆಂಗಿನ ಮರಗಳಿದ್ದವು. "ಫೈಲ್ ಮೇಲೆ ಕೆಂಪು ಪೆನ್ನಲ್ಲಿ 'ಸ್ಟೇ' ಅಂತ ಬರೆದೆ" ಎಂದು ಲಕ್ಷ್ಮಪ್ಪನ ಕಿವಿಯಲ್ಲಿ ಹೇಳಿದರು. "ಆ ಅಕ್ಷರ ನೋಡಿದ್ರೆ ಯಾವ ಸಾಹೇಬನೂ ಫೈಲ್ ಬಿಚ್ಚೋದಿಲ್ಲ. ನಾ ಟ್ರಾನ್ಸ್‌ಫರ್ ಆದ್ರೂ ಬಿಚ್ಚೋದಿಲ್ಲ. ಹೆಂಡ್ತಿ ಏಕದಮ್ ಖುಷ್."

ಅದೇ ಹೊತ್ತಿಗೆ ಮೈಬೂಬಸಾಬ ಕೆಳಗಿನಿಂದ ಕೂಗಿದ: "ಲಕ್ಷ್ಮಪ್ಪಣ್ಣಾ, ಪಣಜಿ ಫೋನು! ಮೇಡಂ!"

ಅರ್ಧ ಗುಡ್ಡ ಅವನ ಹಿಂದೆ ಓಡಿತು. ಗಾಂವ್ಕರ ಸಾಹೇಬರು ಮಾತ್ರ ಜೀಪಿನ ಕಡೆ ಓಡಿದರು.

ಅದೇ ಹಾಡಿನಂಥ ದನಿ. ಸರ್, ನಿಮ್ಮ ಸ್ಟೇ ಹೇಗಿತ್ತು?

ಚಹದಂಗಡಿ ಕಿವಿ ಚಾಚಿ ನಿಂತಿತ್ತು. "ಭಾಳ ಚಲೋ ಇತ್ರಿ" ಎಂದ ಲಕ್ಷ್ಮಪ್ಪ, ಹಿಂದಿಯ ನೆನಪಾಗದೆ. ಆಮೇಲೆ ಹಿಂದಿಯಲ್ಲೂ ಹೇಳಿದ.

ಏನಾದರೂ ತೊಂದರೆಯಾಯಿತೇ, ಸರ್?

"ಇಲ್ರಿ. ಎಲ್ಲಾರೂ ಆರಾಮದೀವಿ."

ಫೋನಿಟ್ಟ ಕೂಡಲೇ ಸಂಗಣ್ಣ ಹಿಡಿದ. "ಏನಂದ್ರು?"

"ಸ್ಟೇ ಹೆಂಗಿತ್ತು ಅಂತ ಕೇಳಿದ್ರು."

"ನೋಡ್ರೋ!" ಸಂಗಣ್ಣನ ಕಣ್ಣಲ್ಲಿ ನೀರು ಬಂತು. "ಒಂಬತ್ತ ವರ್ಷ ಆತು, ನನಗ ಒಮ್ಮೆರೆ ಯಾರಾದ್ರೂ ಫೋನ್ ಮಾಡಿ ಕೇಳ್ಯಾರೇನು? ಕೊಟ್ಟರ ಇಂಥಾ ಜಡ್ಜು ಕೊಡಬೇಕು!"

ಸಂಜೆ ಭಾಗವ್ವ ಇಳಕಲ್ ಸೀರೆಯನ್ನು ಮಡಚಿ ಟ್ರಂಕಿಗಿಡುತ್ತ, ಒಮ್ಮೆಲೇ ನೆನಪಾಗಿ ಕೇಳಿದಳು: "ಶನಿವಾರ ಎಲ್ಲಿಗೋ ಕರಕೊಂಡ ಹೋಗ್ತೀನಿ ಅಂದಿದ್ರಲ್ಲ, ಎಲ್ಲಿಗ್ರಿ?"

"ಮ್ಹಾಪಸಾ ಸಂತಿಗೆ" ಎಂದ ಲಕ್ಷ್ಮಪ್ಪ.

"ಮ್ಹಾಪಸಾ ಸಂತಿ ಶುಕ್ರವಾರ ಇರತೈತಲ್ರಿ."

"ಅದಕ್ಕ ಹೋಗಲಿಲ್ಲ."

ಭಾಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಇಡೀ ಗುಡ್ಡಕ್ಕೆ ಸ್ಟೇ ತಂದ ಗಂಡನಿಗೆ ವಾರ ಯಾವುದೆಂದು ತಿಳಿಯದ್ದನ್ನು ಹೇಳಿ ನಗಲು ರೂಪಿಬಾಯಿಯ ಮನೆಗೆ ಹೋದಳು.

ಎರಡು ರಾತ್ರಿ, ಮೂರು ಹಗಲು ಅವಳನ್ನು ಆ ದ್ವೀಪದಲ್ಲಿ ಇರಿಸಬೇಕೆಂದಿದ್ದೆ ಎಂದು ಲಕ್ಷ್ಮಪ್ಪ ಆವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.